ಹಳೆಯ ಬೆಳ್ಳಿ ರೂಪಾಯಿಯ ಸವೆತ ಅಳೆಯಲು ಒಂದೇ ದೀಪ ಸಾಕು

ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯ ದರ್ಜೆಯನ್ನು ಅಂದಾಜು ಮಾಡುವಾಗ, ಟ್ಯೂಬ್‌ಲೈಟ್ ಆರಿಸಿ ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ವಾಲಿಸಿ ತಿರುಗಿಸಿರಿ. ಹೊಳಪಿನ ಪಟ್ಟಿಯೊಂದು ಗಾಲಿಯ ಕಡ್ಡಿಗಳಂತೆ ಸುತ್ತುತ್ತಾ ರಾಜನ ಮುಖಚಿತ್ರದ ಕಿರೀಟ, ಕಿವಿ, ಕೆನ್ನೆಗಳಂಥ ಎತ್ತರದ ಭಾಗಗಳ ಮೇಲೂ ಕಡಿಯದೆ ಹಾದುಹೋದರೆ ಆ ನಾಣ್ಯ ಬಹುಮಟ್ಟಿಗೆ ಚಲಾವಣೆಯಲ್ಲಿ ಸವೆದಿಲ್ಲವೆಂದು ತಿಳಿಯಬಹುದು. ಅಚ್ಚು ಒತ್ತುವಾಗ ಲೋಹವು ಹೊರಮುಖವಾಗಿ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಂಟಾಗುತ್ತವೆ; ಸುತ್ತುವ ಹೊಳಪು ಮೂಡುವುದು ಇವುಗಳಿಂದಲೇ. ಕೈಯಿಂದ ಕೈಗೆ ದಾಟುವಾಗ ಎತ್ತರದ ಭಾಗಗಳಲ್ಲಿರುವ ಗೆರೆಗಳೇ ಮೊದಲು ಅಳಿದು, ಅಲ್ಲಿ ಮಾತ್ರ ಬೂದು ಮಂಕು ಕಾಣಿಸುತ್ತದೆ. ಕಿವಿಯ ವಿವರ ಚಪ್ಪಟೆಯಾಗಿದ್ದೂ ಅದರ ಮೇಲೆ ಹೊಳಪು ಚಲಿಸುತ್ತಿದ್ದರೆ ಅದು ಸವೆತವಲ್ಲ, ಟಂಕಸಾಲೆಯಲ್ಲಿಯೇ ಅಚ್ಚು ಸರಿಯಾಗಿ ಮೂಡಿಲ್ಲವೆಂದು ಅರ್ಥ. ಈ ವ್ಯತ್ಯಾಸ ಗುರುತಿಸದೆ ಒಳ್ಳೆಯ ನಾಣ್ಯಗಳನ್ನು ಕೆಳದರ್ಜೆಗೆ ತಳ್ಳುವುದು ನಿಜಕ್ಕೂ ಬೇಸರದ ಸಂಗತಿ. ಆದರೆ ಲಕ್ಷ್ಮೀಪೂಜೆಗೆಂದು ವಿಭೂತಿಯಲ್ಲೋ ಹುಣಸೆಹಣ್ಣಿನಲ್ಲೋ ಉಜ್ಜಿ ಬೆಳಗಿಸಿದ ರೂಪಾಯಿಗಳಿಗೆ ಈ ಪರೀಕ್ಷೆ ಒದಗದು, ಏಕೆಂದರೆ ಅವು ತಿರುಗಿಸಿದರೂ ಬದಲಾಗದ ಒಂದೇ ಬಗೆಯ ಥಳಕನ್ನು ತೋರುತ್ತವೆ ಮತ್ತು ಭೂತಗನ್ನಡಿಯಲ್ಲಿ ನವಿರಾದ ಗೀರುಗಳು ಕಾಣುತ್ತವೆ. ದಟ್ಟವಾಗಿ ಕಪ್ಪುಗಟ್ಟಿದ ನಾಣ್ಯದಲ್ಲಿಯೂ ಹೊಳಪು ಮುಚ್ಚಿಹೋಗಿರುತ್ತದೆ. ಹಾಗೆಂದು ದಯವಿಟ್ಟು ಅದನ್ನು ತೊಳೆಯಬೇಡಿ, ವಿವರಗಳ ಸವೆತವನ್ನಷ್ಟೇ ನೋಡಿ ನಿರ್ಧರಿಸಿರಿ.