ಗೋವಿನಜೋಳ ಮೇಜಾಗದಿರಲಿ: ಹೊಲದ ಪದಗಳಿಂದ ಇಂಗ್ಲಿಷ್ ಉಚ್ಚಾರ

ನವಲಗುಂದ, ಶಿರಹಟ್ಟಿ, ರಾಣೆಬೆನ್ನೂರು ಕಡೆಯ ಮಕ್ಕಳಿಗೆ ಹತ್ತಿ, ಗೋವಿನಜೋಳ, ಸಲಿಕೆ ಅಂದರೇನೆಂದು ವಿವರಿಸಬೇಕಿಲ್ಲ. ಹಾಗಾಗಿ ಪೂರಾ ಗಮನ ತುಟಿ, ನಾಲಿಗೆಯ ಮೇಲಿಡಬಹುದು. ದಿನಕ್ಕೆ ಐದಾರು ಪದ, 15 ನಿಮಿಷ ಸಾಕು. ವಸ್ತುವನ್ನೇ ತಂದು ಮುಂದಿಡಿ. ಹಲಗೆಯ ಮೇಲೆ ಕನ್ನಡ ಲಿಪಿಯಲ್ಲಿ ಬರೆಯಬೇಡಿ; ಬರೆದರೆ ಮಕ್ಕಳು ಕೇಳುವುದು ಬಿಟ್ಟು ಅಕ್ಷರ ಓದುತ್ತಾರೆ. ಇಲ್ಲಿ ಬರೆದಿರುವುದು ಕಲಿಸುವವರ ಅನುಕೂಲಕ್ಕಷ್ಟೇ.

ಗೋವಿನಜೋಳ ‘ಮೇಜ಼್’. ‘ಮೇಜ್’ ಅಂದರೆ ತೆನೆ ಹೋಗಿ ಟೇಬಲ್ ಬಂತು! ನಮ್ಮ ‘ಜ’ಕ್ಕೆ ನಾಲಿಗೆ ಬಾಯಿಯ ಅಂಗಳಕ್ಕೆ ತಾಗುತ್ತದೆ, ಈ ‘ಜ಼’ಕ್ಕೆ ತಾಗಬಾರದು. ‘ಸ್‌ಸ್‌ಸ್’ ಎಂದು ಎಳೆಸಿ, ನಾಲಿಗೆ ಕದಲಿಸದೆ ದನಿ ಕೂಡಿಸಲು ಹೇಳಿ. ಗಂಟಲ ಮೇಲಿಟ್ಟ ಬೆರಳಿಗೆ ನಡುಕ ತಿಳಿದರೆ ಸರಿ.

ಅಂಗೈ ಮೇಲೆ ಚಿಟಿಕೆ ಜೋಳದ ಹೊಟ್ಟು ಇಟ್ಟು, ಬಾಯಿ ಮುಂದೆ ಹಿಡಿದು ‘ಪಾಡ್’ (ಕಾಯಿ), ‘ಪಂಪ್’ ಅನ್ನಿಸಿ. ಪದದ ಮೊದಲ ‘ಪ’ಕ್ಕೆ ಹೊಟ್ಟು ಹಾರಬೇಕು. ಹಾರದಿದ್ದರೆ ಇಂಗ್ಲಿಷ್ ಮನೆಮಾತಿನವರಿಗೆ ಅದು ‘ಬ’ ಎಂದು ಕೇಳಬಹುದು. ಸಲಿಕೆಗೆ ‘ಸ್ಪೇಡ್’ ಅಂದಾಗ ಮಾತ್ರ ಹಾರಕೂಡದು. ಹಿಂದೆ ‘ಸ’ ಇದ್ದರೆ ಆ ಉಸಿರು ಬರುವುದಿಲ್ಲ. ಇಲ್ಲಿ ‘ಇಸ್ಪೇಡ್’ ಬಂದೇ ಬರುತ್ತದೆ, ಇಸ್ಪೀಟಿನ ಎಲೆ ಹಂಚಿದ ಹಾಗೆ. ಹಾವಿನಂತೆ ಬುಸುಗುಟ್ಟಿಸಿ ‘ಪೇಡ್’ ಸೇರಿಸಿ; ಬುಸುಗುಟ್ಟುವುದನ್ನು ದಿನಕ್ಕಷ್ಟು ಮೊಟಕು ಮಾಡಿ.

ಹೆಚ್ಚು ದಿನ ಹಿಡಿಯುವುದು ‘ವ’. ದನದ ಡಾಕ್ಟರೂ ‘ವೆಟ್’, ಹಸಿ ಮಣ್ಣೂ ‘ವೆಟ್’. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಡಾಕ್ಟರಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಹಸಿಗೆ ಹಲ್ಲು ತಾಗದೆ, ಊದುಗೊಳವೆ ಊದುವಂತೆ ತುಟಿ ಗುಂಡಗಾಗಬೇಕು. ಹೊಲದ ಕಸಕ್ಕೆ (ಕಳೆಗೆ) ಅನ್ನುವ ‘ವೀಡ್’, ಗೋದಿಗೆ ಅನ್ನುವ ‘ವೀಟ್’, ಬಾವಿಗೆ ಅನ್ನುವ ‘ವೆಲ್’ ಎಲ್ಲಕ್ಕೂ ಗುಂಡು ತುಟಿಯೇ. ಸಣ್ಣ ಕನ್ನಡಿ ಕೊಡಿ. ಆಮೇಲೆ ನೀವು ಬಾಯಿ ಕಾಣದಂತೆ ಕೈ ಅಡ್ಡ ಹಿಡಿದು ಎರಡರಲ್ಲೊಂದು ‘ವೆಟ್’ ಹೇಳಿ, ಮಕ್ಕಳು ಮಣ್ಣನ್ನೋ ದನದ ಚಿತ್ರವನ್ನೋ ಮುಟ್ಟಲಿ. ಹತ್ತರಲ್ಲಿ ಎಂಟು ಸರಿಯಾಗುವವರೆಗೆ ಮುಂದೆ ಹೋಗಬೇಡಿ; ಕಿವಿಗೆ ಹತ್ತದ್ದು ಬಾಯಿಗೂ ಹತ್ತುವುದಿಲ್ಲ.

‘ಫೀಲ್ಡ್’ ಹೊಲ, ‘ಫಿಲ್ಡ್’ ಚೀಲ ತುಂಬಿದ್ದು. ಕೊನೆಗೆ ‘ಉ’ ಅಂಟಿಸಿ ‘ಫೀಲ್ಡು’ ಮಾಡಿದರೆ ತಡೆಯಿರಿ.

ಕ್ರಿಯಾಪದ ಕಡೆಗಿರಲಿ. ಹತ್ತಿ ಬಿಡಿಸಿದ್ದಕ್ಕೆ ‘ಪಿಕ್ಟ್’, ರಂಟೆ ಹೊಡೆದದ್ದಕ್ಕೆ ‘ಪ್ಲೌಡ್’, ಕಸ ತೆಗೆದದ್ದಕ್ಕೆ ‘ವೀಡಿಡ್’. ‘ಪಿಕ್ಕೆಡ್’ ಬರುವುದು ಸ್ಪೆಲಿಂಗ್ ನೋಡಿ ಓದುವುದರಿಂದ. ಮೂಲ ಪದ ಟಕಾರ, ಡಕಾರದಲ್ಲಿ ಮುಗಿದರೆ ಮಾತ್ರ ‘ಇಡ್’. ಹಿಂದಿನ ದಿನ ಹೊಲದಲ್ಲಿ ಆದ ಮೂರು ಕೆಲಸವನ್ನು ಒಬ್ಬೊಬ್ಬರೂ ಹೇಳಲಿ. ಪುಸ್ತಕ ಮುಚ್ಚಿಯೇ ಇರಲಿ.