ಸ್ಟ್ಯಾಂಡರ್ಡ್ ಹೆರಾಲ್ಡ್ ಸಿಕ್ಕರೆ ಬಿಡಬೇಡಿ, ಆದರೆ ಬಗ್ಗಿ ನೋಡಿ

ಹಳೇ ಕಾರು ಬೇಕು ಅನ್ನೋರೆಲ್ಲ ಅಂಬಾಸಿಡರ್, ಪದ್ಮಿನಿ ಹಿಂದೆಯೇ ಬೀಳ್ತಾರೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಕಡೆಗೂ ಕಣ್ಣು ಹಾಯಿಸಿ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರಿನ ನಮ್ಮ ದೇಶದ ರೂಪ ಇದು: ಇಟಲಿಯ ಮಿಕೆಲೊಟ್ಟಿ ವಿನ್ಯಾಸ, 1961ರಿಂದ ಮದ್ರಾಸಿನಲ್ಲಿ ತಯಾರಿ. ನಾಲ್ಕು ಬಾಗಿಲಿನ ಹೆರಾಲ್ಡ್ ಬಂದದ್ದೇ ಭಾರತದಲ್ಲಿ ಮಾತ್ರ.

ನೋಡೋಕೆ ಹೋದಾಗ ಬಾನೆಟ್ ಎತ್ತಿಸಿ. ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತೆ, ಎಂಜಿನ್, ಸಸ್ಪೆನ್ಷನ್ ಎಲ್ಲ ಕಣ್ಣೆದುರು. ಪೇಂಟಿನ ಹೊಳಪಿಗೆ ಮರುಳಾಗದೆ ಕೆಳಗೆ ಬಗ್ಗಿ ಚಾಸಿ (ಕಾರಿನ ಅಡಿಯ ಉಕ್ಕಿನ ಚೌಕಟ್ಟು) ನೋಡಿ. ಸ್ಕ್ರೂಡ್ರೈವರ್‌ನಲ್ಲಿ ಕುಟ್ಟಿದಾಗ ತುಕ್ಕು ಉದುರಿದರೆ ರೇಟು ಇಳಿಸಿ ಕೇಳಿ, ಇಲ್ಲವೇ ಕೈಬಿಡಿ. ಎಂಜಿನ್ ಸಾಮಾನು ಬ್ರಿಟನ್ನಿಂದ ತರಿಸಬಹುದು. ನಮ್ಮ ನಾಲ್ಕು ಬಾಗಿಲಿನ ಮಾಡೆಲ್‌ನ ಹಿಂಬಾಗಿಲು ಹುಡುಕೋದು ಮಾತ್ರ ತಲೆನೋವು.

ಆರ್‌ಸಿ, ಚಾಸಿ ನಂಬರ್ ತಾಳೆ ಆಗಲೇಬೇಕು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇದ್ದರೆ ವಿಂಟೇಜ್ ನೋಂದಣಿ ಮಾಡಿಸಬಹುದು: ಶುಲ್ಕ 20,000 ರೂಪಾಯಿ, 10 ವರ್ಷ ಮಾನ್ಯ. ಆದರೆ ಆಮೇಲೆ ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ.