ಆಡುಮಾತಿನ ವ್ಯತ್ಯಾಸವನ್ನು ದಾಖಲಿಸುವ ಬಗೆ: ಊರು ಯಾವುದು, ಸಮುದಾಯ ಯಾವುದು?

ಧಾರವಾಡದ ಒಬ್ಬರು ‘ಐತಿ’ ಎಂದರು, ಮೈಸೂರಿನ ಒಬ್ಬರು ‘ಇದೆ’ ಎಂದರು ಎಂಬ ಕಾರಣಕ್ಕೆ ಅದನ್ನು ಪ್ರದೇಶದ ವ್ಯತ್ಯಾಸವೆಂದು ಬರೆದುಕೊಳ್ಳುವ ಆತುರ ಬೇಡ. ಮೈಸೂರು ಸೀಮೆಯಲ್ಲೇ ಬ್ರಾಹ್ಮಣರ ಮನೆಮಾತಿನಲ್ಲಿ ‘ಇದೆ’ ಇದ್ದರೆ ಬೇರೆ ಹಲವು ಸಮುದಾಯಗಳಲ್ಲಿ ‘ಐತೆ’ ಇದೆ. ಧಾರವಾಡದಲ್ಲೂ ‘ಐತಿ’ಯ ಜೊತೆಗೆ ‘ಅದ’ ಕೇಳಿಸುತ್ತದೆ. ಹಾಗಾಗಿ ಕನ್ನಡದ ಉಪಭಾಷೆಗಳನ್ನು ದಾಖಲಿಸಲು ಹೊರಟವರು ಮೊದಲು ಮಾಡಬೇಕಾದದ್ದು ಇಷ್ಟು: ಒಂದೇ ಸಮುದಾಯದ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಮಟ್ಟದ ಓದಿನವರನ್ನು ಎರಡು ಊರುಗಳಲ್ಲಿ ಮಾತನಾಡಿಸಿ ನೋಡಬೇಕು, ಆಮೇಲೆ ಒಂದೇ ಊರಿನಲ್ಲಿ ಬೇರೆ ಬೇರೆ ಸಮುದಾಯದವರನ್ನು ಮಾತನಾಡಿಸಬೇಕು. ಈ ಎರಡನ್ನೂ ಮಾಡದೆ ಬರೆದ ಟಿಪ್ಪಣಿಯನ್ನು ನಾನು ನಂಬುವುದಿಲ್ಲ.

ಎರಡನೆಯದಾಗಿ, ಗಮನಿಸಬೇಕಾದ ರೂಪಗಳನ್ನು ಮೊದಲೇ ಆರಿಸಿಕೊಳ್ಳಿ. ಹೊಸಬರು ಅಪರೂಪದ ಪದಗಳ ಹಿಂದೆ ಬೀಳುತ್ತಾರೆ. ಆದರೆ ಅಂಥ ಪದ ಇಡೀ ದಿನ ಕಾದರೂ ಒಮ್ಮೆ ಬರುವುದು ಕಷ್ಟ. ಪ್ರತಿ ಮಾತಿನಲ್ಲೂ ಬರುವ ಸಣ್ಣ ರೂಪಗಳೇ ಹೆಚ್ಚು ಉಪಯುಕ್ತ. ‘ಮನೇಲಿ’, ‘ಮನ್ಯಾಗ’ ಎಂಬಲ್ಲಿನ ವಿಭಕ್ತಿ, ‘ಮನೆ’ ‘ಮನಿ’ ಎಂಬಲ್ಲಿನ ಕೊನೆಯ ಸ್ವರ, ‘ಹಾಲು’ ‘ಆಲು’ ಆಗುವಲ್ಲಿನ ಹಕಾರ, ಕರಾವಳಿಯ ‘ಉಂಟು’: ಇಂತಹ ಐದಾರು ಸಾಕು.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು. ‘ನೀವು ಇದಕ್ಕೆ ಏನನ್ನುತ್ತೀರಿ’ ಎಂದು ನೇರವಾಗಿ ಕೇಳಿದರೆ ಜನ ಪಠ್ಯಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ. ತಮ್ಮ ಮನೆಮಾತು ತಪ್ಪು ಎಂದು ಶಾಲೆಯಲ್ಲಿ ಕೇಳಿಸಿಕೊಂಡವರಂತೂ ಮೊದಲ ಮಾತಿನಲ್ಲೇ ಎಚ್ಚರವಾಗುತ್ತಾರೆ. ಇದಕ್ಕೆ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬಾವ್ 1962ರಲ್ಲಿ ನ್ಯೂಯಾರ್ಕಿನಲ್ಲಿ ಅನುಸರಿಸಿದ ಉಪಾಯವನ್ನು ನೆನಪಿಡಿ. ಸಿರಿವಂತರು, ಮಧ್ಯಮ ವರ್ಗದವರು, ಕಡಿಮೆ ಆದಾಯದವರು ಹೋಗುವ ಮೂರು ದೊಡ್ಡ ಮಳಿಗೆಗಳಲ್ಲಿ ಅವರು ‘ಫೋರ್ತ್ ಫ್ಲೋರ್’ (ನಾಲ್ಕನೇ ಮಹಡಿ) ಎಂಬ ಉತ್ತರವೇ ಬರುವಂತೆ ಅಲ್ಲಿನ ಕೆಲಸಗಾರರನ್ನು ದಾರಿ ಕೇಳಿದರು. ಕೇಳಿಸದವರಂತೆ ಮತ್ತೊಮ್ಮೆ ಹೇಳಿಸಿದರು. ಸಹಜವಾಗಿ ಆಡಿದ ಮಾತೂ ಒತ್ತಿ ಆಡಿದ ಮಾತೂ ಹೀಗೆ ಒಟ್ಟಿಗೆ ಸಿಕ್ಕವು. ಮಳಿಗೆ ಸಿರಿವಂತವಾದಷ್ಟೂ, ಈ ಎರಡು ಪದಗಳಲ್ಲಿ ಅಲ್ಲಿ ಹಲವರು ನುಂಗಿಬಿಡುವ ರಕಾರದ ಉಚ್ಚಾರಣೆ ಹೆಚ್ಚಿತ್ತು. ನೀವೂ ವಿಭಕ್ತಿಯ ಬಗ್ಗೆ ಕೇಳಬೇಡಿ, ‘ಕಳೆದುಹೋಗಿದ್ದ ಬೀಗದ ಕೈ ಕೊನೆಗೆ ಎಲ್ಲಿ ಸಿಕ್ಕಿತು’ ಎಂದು ಕೇಳಿ. ‘ಮನೇಲೇ ಇತ್ತು’ ಅಥವಾ ‘ಮನ್ಯಾಗ ಇತ್ತು’ ಎಂಬುದು ತಾನಾಗಿಯೇ ಬರುತ್ತದೆ. ಧ್ವನಿಮುದ್ರಣಕ್ಕೆ ಮಾತ್ರ ಮೊದಲೇ ಒಪ್ಪಿಗೆ ಪಡೆಯಿರಿ.

ಧ್ವನಿ ಮುದ್ರಿಸಿಕೊಳ್ಳುವುದು ಅನಿವಾರ್ಯ, ಏಕೆಂದರೆ ನಮ್ಮ ಲಿಪಿ ಎಲ್ಲವನ್ನೂ ಹಿಡಿಯುವುದಿಲ್ಲ. ‘ಮನ್ಯಾಗ’ ಎಂದು ಬರೆದಲ್ಲಿ ಬಾಯಲ್ಲಿ ಬರುವುದು ‘ಯಾ’ ಅಲ್ಲ, ‘ಏ’ಗೂ ‘ಆ’ಗೂ ನಡುವಿನ ಒಂದು ದೀರ್ಘ ಸ್ವರ, ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಜರ್ಮನಿಯಲ್ಲಿ ಭಾಷಾವಿಜ್ಞಾನಿ ಗೆಯೋರ್ಗ್ ವೆಂಕರ್ 1876ರಿಂದ ಶಾಲಾ ಶಿಕ್ಷಕರಿಗೆ ವಾಕ್ಯಗಳನ್ನು ಕಳುಹಿಸಿ, ಸ್ಥಳೀಯ ಮಾತಿನಲ್ಲಿ ಬರೆಸಿ ತರಿಸಿಕೊಂಡ ದೊಡ್ಡ ಕೆಲಸದ ಕೊರತೆಯೂ ಇದೇ ಆಗಿತ್ತು: ಊರೂರಿನ ಮಾತು ಸಿಕ್ಕಿತು, ಆದರೆ ಬರೆಯುವವರ ಕಾಗುಣಿತದ ಮೂಲಕವೇ ಸಿಕ್ಕಿತು.

ಪ್ರತಿ ಧ್ವನಿಮುದ್ರಣದ ಜೊತೆಗೆ ಮಾತನಾಡಿದವರ ವಯಸ್ಸು, ಲಿಂಗ, ಓದು, ಕಸುಬು, ಬೆಳೆದ ಊರು, ತಾಯಿಯ ಊರು ಹಾಗೂ ಎದುರಿಗಿದ್ದವರು ಯಾರು ಎಂಬುದನ್ನು ಬರೆದಿಡಿ, ಹೆಸರು ಬೇಡ. ಜಾತಿಯನ್ನು ಅವರಾಗಿ ಹೇಳಿದರೆ ಮಾತ್ರ ಬರೆಯಿರಿ.

ಕೊನೆಗೆ ಎಣಿಸಿ. ಒಬ್ಬರೇ ಅಪರಿಚಿತರೊಡನೆ ‘ಇದೆ’, ಮನೆಯವರೊಡನೆ ‘ಐತೆ’ ಎನ್ನಬಹುದು. ಆದ್ದರಿಂದ ‘ಇವರು ಐತೆ ಎನ್ನುವವರು’ ಎಂದು ಬರೆಯದೆ, ಯಾರೊಡನೆ, ಎಷ್ಟು ಸಲದಲ್ಲಿ ಎಷ್ಟು ಸಲ ಎಂದು ಬರೆಯಿರಿ.